ಹಳೇ ಫಿಲ್ಟರ್ ಹಾಕಿದರೆ ಹೊಸ ಟ್ಯಾಂಕಿಗೆ ಅದೇ ದಿನ ಮೀನು ಬಿಡಬಹುದಾ?

ಹೊಸಕೊಳ · ಮೊದಲ ಪೋಸ್ಟ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 60 ಲೀಟರಿನ ಒಂದು ಟ್ಯಾಂಕ್ ಇದೆ. ಎರಡು ವರ್ಷದಿಂದ ತೊಂದರೆ ಇಲ್ಲದೆ ನಡೆಯುತ್ತಿದೆ. ಒಂಬತ್ತು ನಿಯಾನ್ ಟೆಟ್ರಾ, ಐದು ಕೋರಿಡೋರಾಸ್, ಮತ್ತೆ ನಾನು ಎಣಿಸುವುದನ್ನು ಬಿಟ್ಟಿರುವ ಬಸವನಹುಳುಗಳು. ಹಿಂದೆ ನೇತುಹಾಕುವ ಹ್ಯಾಂಗ್-ಆನ್ ಫಿಲ್ಟರ್. ಅದರೊಳಗೆ ಎರಡು ಸ್ಪಂಜು, ಒಂದು ಜಾಲಿ ಚೀಲದಲ್ಲಿ ಸೆರಾಮಿಕ್ ರಿಂಗ್.

ಈಗ 150 ಲೀಟರಿನ ಹೊಸ ಟ್ಯಾಂಕ್ ತಂದಿದ್ದೇನೆ. ಜೊತೆಗೆ ಹೊಸ ಕ್ಯಾನಿಸ್ಟರ್ ಫಿಲ್ಟರ್ ಇದೆ, ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿಯಂಥದ್ದು. ನನ್ನ ಪ್ಲಾನ್ ಹೀಗಿದೆ: ಭಾನುವಾರ ಬೆಳಿಗ್ಗೆ ನೀರು ತುಂಬಿಸುವುದು, ಹಳೇ ಫಿಲ್ಟರನ್ನು ಹಾಗೇ ಎತ್ತಿ ಹೊಸದಕ್ಕೆ ನೇತುಹಾಕುವುದು, ಕ್ಯಾನಿಸ್ಟರನ್ನೂ ಓಡಿಸುವುದು. ಸಂಜೆ ಟೆಟ್ರಾಗಳನ್ನು ಬಿಟ್ಟು, ಅದೇ ದಿನ ಹನ್ನೆರಡು ಚೆರ್ರಿ ಬಾರ್ಬ್ ಕೂಡ ಸೇರಿಸುವುದು. ಕೋರಿಗಳು ಹಳೇ ಟ್ಯಾಂಕಿನಲ್ಲೇ ಇರುತ್ತವೆ, ಅವಕ್ಕೆ ಏರ್ ಪಂಪಿನಿಂದ ನಡೆಯುವ ಒಂದು ಹೊಸ ಸ್ಪಂಜ್ ಫಿಲ್ಟರ್ ತಂದಿಟ್ಟಿದ್ದೇನೆ.

ಒಬ್ಬರು "ಹಳೇ ಫಿಲ್ಟರ್ ಇದ್ದರೆ ಸೈಕಲ್ ಬೇಕಾಗಿಯೇ ಇಲ್ಲ" ಅಂದರು (ಸೈಕಲ್ ಅಂದರೆ ಮೀನಿನ ತ್ಯಾಜ್ಯವನ್ನು ಕರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಬೆಳೆಯುವವರೆಗೆ ಕಾಯುವುದು). ಇನ್ನೊಬ್ಬರು "ಏನೇ ಹಾಕಿದರೂ ಒಂದು ತಿಂಗಳು ಕಾಯಲೇಬೇಕು" ಅಂದರು. ಯಾರ ಮಾತು ಕೇಳಲಿ?

ಗಪ್ಪಿಗುಂಪು

ಧೈರ್ಯವಾಗಿ ಬಿಡಿ. ನಾನು ಮೂರು ಸಲ ಹೀಗೇ ಮಾಡಿದ್ದೇನೆ, ಒಂದು ಮೀನೂ ಸತ್ತಿಲ್ಲ. ಸುಮ್ನೆ ಹೆದರಿಸುವವರು ಜಾಸ್ತಿ.

ನಿಧಾನಸ್ಥ

ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ. ಆದರೆ ನಿಮ್ಮ ಪ್ಲಾನ್ ಹೀಗೇ ನಡೆದರೆ ಮೊದಲು ಕಷ್ಟಕ್ಕೆ ಬೀಳುವುದು ಹೊಸ ಟ್ಯಾಂಕ್ ಅಲ್ಲ, ಹಳೇದು. ಅದನ್ನು ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ, ಉಳಿದು ಕೊಳೆಯುವ ಆಹಾರದಿಂದ ಅಮೋನಿಯಾ ಬರುತ್ತದೆ. ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ. ಮೂರನೆಯದನ್ನು ನಾವು ನೀರು ಬದಲಾಯಿಸಿ ತೆಗೆಯುತ್ತೇವೆ. ಇದು ನಿಮಗೆ ಗೊತ್ತಿರುವುದೇ. ನೀವು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ಸಂಖ್ಯೆಯನ್ನು. ಬ್ಯಾಕ್ಟೀರಿಯಾ ತನಗೆ ಸಿಗುವ ಮೇವಿನಷ್ಟೇ ಬೆಳೆಯುತ್ತದೆ. ಒಂಬತ್ತು ಟೆಟ್ರಾ, ಐದು ಕೋರಿ ದಿನಕ್ಕೆ ಎಷ್ಟು ಅಮೋನಿಯಾ ಬಿಡುತ್ತವೋ, ನಿಮ್ಮ ಫಿಲ್ಟರಿನಲ್ಲಿ ಹೆಚ್ಚುಕಡಿಮೆ ಅಷ್ಟಕ್ಕೆ ಸಾಕಾಗುವ ಜನಸಂಖ್ಯೆ ಇದೆ. ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ಅವಕ್ಕೆ ಯಾವ ಕಾರಣವೂ ಇಲ್ಲ. ನೀವು ಒಂದೇ ಸಂಜೆಗೆ ಹನ್ನೆರಡು ಬಾರ್ಬ್ ಸೇರಿಸಿದರೆ ಆ ಹೆಚ್ಚಿನ ಕೆಲಸವನ್ನು ಮಾಡುವವರು ಯಾರು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಲ್ವಾ.

ಇನ್ನು ಕೋರಿಗಳ ಕಥೆ. ಫಿಲ್ಟರ್ ಎತ್ತಿಕೊಂಡು ಹೋದ ಮೇಲೆ ಅವಕ್ಕೆ ಉಳಿಯುವುದು ಅಂಗಡಿಯಿಂದ ಬಂದ ಒಣ ಸ್ಪಂಜು. ಅದರಲ್ಲಿ ಏನೂ ಇಲ್ಲ. ತಳದ ಮರಳು, ಗಾಜು, ಗಿಡದ ಎಲೆ ಇವುಗಳ ಮೇಲೂ ಬ್ಯಾಕ್ಟೀರಿಯಾ ಇರುತ್ತದೆ, ಹಾಗಾಗಿ ಶೂನ್ಯಕ್ಕೆ ಇಳಿಯುವುದಿಲ್ಲ. ಆದರೂ ನೀವು ಮಾಡುತ್ತಿರುವುದು ಮನೆಗೆ ಮಾರಿ, ಊರಿಗೆ ಉಪಕಾರಿ ಕೆಲಸ.

ನಿಮ್ಮ ಟ್ಯಾಂಕ್ ನೀರಿನ ಟೆಸ್ಟ್ ರಿಸಲ್ಟ್ ಹಾಕಿ. ತಳಕ್ಕೆ ಏನು ಹಾಕುತ್ತೀರಿ ಅಂತಲೂ ಹೇಳಿ.

ಪಾಚಿಪ್ರಿಯ

ಫಿಲ್ಟರ್ ಜೊತೆ ಹಳೇ ನೀರನ್ನೂ ಅರ್ಧ ಹಾಕಿಬಿಡಿ. ನೀರಿನಲ್ಲೇ ಬ್ಯಾಕ್ಟೀರಿಯಾ ಇರೋದು.

ತಳಮರಳು

ಇದೊಂದು ಮಾತು ಎಷ್ಟು ವರ್ಷವಾದರೂ ಸಾಯುವುದಿಲ್ಲ ನೋಡಿ. ನಮಗೆ ಬೇಕಾದ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದು ತೀರಾ ಕಡಿಮೆ. ಅದು ಅಂಟಿಕೊಂಡು ಬದುಕುವ ಜಾತಿ. ಸ್ಪಂಜನ್ನು ಮುಟ್ಟಿ ನೋಡಿದರೆ ಕೈಗೆ ಹತ್ತುವ ಲೋಳೆ ಇದೆಯಲ್ಲ, ಅದರ ಮನೆ ಅದು. ಹಳೇ ನೀರು ಹೊತ್ತು ತಂದರೆ ಬರುವುದು ನೈಟ್ರೇಟ್ ಮಾತ್ರ.

ಪಾಚಿಪ್ರಿಯ

ಹಾಗಾದರೆ ನಾನು ಪ್ರತಿಸಲ ಹಳೇ ನೀರು ಹಾಕಿ ಮಾಡಿದ್ದೆಲ್ಲ ಚೆನ್ನಾಗಿ ಬಂದದ್ದು ಹೇಗೆ ಸರ್?

ನಿಧಾನಸ್ಥ

ಚೆನ್ನಾಗಿ ಬಂದಿರಬಹುದು, ಕಾರಣ ಬೇರೆ. ಹಳೇ ನೀರು ಸೈಕಲಿಗೆ ಉಪಯೋಗವಿಲ್ಲ, ಆದರೆ ಮೀನಿಗೆ ಉಪಯೋಗವಿದೆ. ಎರಡು ವರ್ಷ ಓಡಿದ ಟ್ಯಾಂಕಿನಲ್ಲಿ ಪಿಎಚ್ ಇಳಿದಿರುತ್ತದೆ, ಕರಗಿದ ಲವಣ ಏರಿರುತ್ತದೆ. ಮೀನು ನಿಧಾನವಾಗಿ ಅದಕ್ಕೆ ಒಗ್ಗಿಕೊಂಡಿರುತ್ತದೆ. ಅಲ್ಲಿಂದ ಎತ್ತಿ ಹೊಚ್ಚ ಹೊಸ ನೀರಿಗೆ ಬಿಟ್ಟರೆ ಅಮೋನಿಯಾ ಸೊನ್ನೆ ಇದ್ದರೂ ಅದಕ್ಕೆ ಪೆಟ್ಟಾಗುತ್ತದೆ. ಹಳೇ ನೀರು ಬೆರೆತರೆ ಆ ವ್ಯತ್ಯಾಸ ಕಡಿಮೆ. ನಿಮ್ಮ ಮೀನು ಉಳಿದದ್ದು ಅದರಿಂದ, ಬ್ಯಾಕ್ಟೀರಿಯಾದಿಂದ ಅಲ್ಲ.

ಪಿಎಚ್ ವಿಷಯ ಬಂತಲ್ಲ, ಇನ್ನೊಂದು ಮಾತು. ನಾವು ಟೆಸ್ಟ್ ಕಿಟ್ಟಿನಲ್ಲಿ ನೋಡುವ ಅಮೋನಿಯಾ ಎರಡು ರೂಪದ ಒಟ್ಟು ಮೊತ್ತ. ಅದರಲ್ಲಿ ಅಮೋನಿಯಂ ಅಷ್ಟು ತೊಂದರೆ ಕೊಡುವುದಿಲ್ಲ, ಬರೀ ಅಮೋನಿಯಾ ಕೊಲ್ಲುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ ಐದರಷ್ಟು. ಅಂದರೆ ಕಿಟ್ಟಿನಲ್ಲಿ ಅದೇ ಬಣ್ಣ, ಮೀನಿಗೆ ಸುಮಾರು ಹತ್ತು ಪಟ್ಟು ವ್ಯತ್ಯಾಸ. "ನನಗೆ 0.5 ಬಂತು, ಏನೂ ಆಗಲಿಲ್ಲ" ಅಂತ ಒಬ್ಬರು, "ನನಗೂ 0.5 ಬಂತು, ಎಲ್ಲ ಹೋಯಿತು" ಅಂತ ಇನ್ನೊಬ್ಬರು ಬರೆಯುವುದು ಇದಕ್ಕೇ.

ಹೊಸಕೊಳ

ಹಳೇ ಟ್ಯಾಂಕ್: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40, ಪಿಎಚ್ 6.4. ನಲ್ಲಿ ನೀರಿನ ಪಿಎಚ್ 7.6. ಇಷ್ಟು ವ್ಯತ್ಯಾಸ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದಲ್ಲಿ ಪಿಎಚ್ ನೋಡಿದ್ದು ಎರಡೋ ಮೂರೋ ಸಲ.

ತಳಕ್ಕೆ ಗಿಡಗಳಿಗೆ ಒಳ್ಳೆಯದು ಅಂತ ಅಕ್ವಾ ಸಾಯಿಲ್ ತಂದಿದ್ದೇನೆ. ಎರಡು ಚೀಲ.

ತಳಮರಳು

ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಎಲ್ಲ ಲೆಕ್ಕ ಬದಲಾಯಿತು.

ಗಿಡದ ಮಣ್ಣಿನ ಎಷ್ಟೋ ಬ್ರಾಂಡುಗಳು ಮೊದಲ ಕೆಲವು ವಾರ ತಾವೇ ಅಮೋನಿಯಾ ಬಿಡುತ್ತವೆ. ಮೀನು ಒಂದೂ ಇಲ್ಲದ ಟ್ಯಾಂಕಿನಲ್ಲಿ ಕಿಟ್ ಕಡು ಹಸಿರು, ಅಂದರೆ ಜಾಸ್ತಿ ಅಮೋನಿಯಾ, ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಒಂಬತ್ತು ಟೆಟ್ರಾಗಳಿಗೆ ಸಾಕಾಗುವ ಫಿಲ್ಟರ್ ಎರಡು ಚೀಲ ಮಣ್ಣಿನ ಮುಂದೆ ನಿಲ್ಲುವುದಿಲ್ಲ. ಮೀನು ಭಾನುವಾರ ಬೇಡವೇ ಬೇಡ.

ಗಪ್ಪಿಗುಂಪು

ಸಾಯಿಲ್ ಅಂದರೆ ನಾನು ನನ್ನ ಮಾತು ವಾಪಸ್ ತಗೊಳ್ತೇನೆ. ನಾನು ಮೂರು ಸಲ ಮಾಡಿದ್ದು ತೊಳೆದ ಮರಳಿನ ಮೇಲೆ. ಅದೇ ಮೀನು, ಅದೇ ಫಿಲ್ಟರ್, ಟ್ಯಾಂಕ್ ಮಾತ್ರ ದೊಡ್ಡದು. ಹಳೇ ಟ್ಯಾಂಕ್ ಅದೇ ದಿನ ಖಾಲಿ.

ನಿಧಾನಸ್ಥ

ಅದು ಮನೆ ಬದಲಾಯಿಸಿದ ಹಾಗೆ, ಸಂಸಾರ ಅದೇ. ಆಗ ಅದೇ ದಿನ ಬಿಡುವುದು ನಿಜವಾಗಲೂ ನಡೆಯುತ್ತದೆ. ಹೊಸಕೊಳ ಅವರದು ಹಾಗಲ್ಲ, ಒಂದು ಸಂಸಾರವನ್ನು ಎರಡು ಮಾಡುತ್ತಿದ್ದಾರೆ. ಜೊತೆಗೆ ಹೊಸ ನೆಂಟರು, ಅಮೋನಿಯಾ ಬಿಡುವ ಮಣ್ಣು ಬೇರೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ಹ್ಯಾಂಗ್-ಆನ್ ಫಿಲ್ಟರ್ ಹಳೇ ಟ್ಯಾಂಕಿನಲ್ಲೇ ಇರಲಿ, ಮೋಟಾರ್ ನಿಲ್ಲಿಸುವುದು ಬೇಡ. ಅದರೊಳಗಿನ ಎರಡು ಸ್ಪಂಜಿನಲ್ಲಿ ಒಂದನ್ನು, ರಿಂಗುಗಳಲ್ಲಿ ಅರ್ಧವನ್ನು ತೆಗೆದು ಕ್ಯಾನಿಸ್ಟರಿನೊಳಗೆ ಇಡಿ. ನೀರು ಮೊದಲು ಮುಟ್ಟುವ ಒರಟು ಸ್ಪಂಜಿನ ನಂತರದ ಟ್ರೇಯಲ್ಲಿ ಇಟ್ಟರೆ ಕಸ ಕಟ್ಟುವುದಿಲ್ಲ. ಖಾಲಿಯಾದ ಜಾಗಕ್ಕೆ ಹೊಸ ಸ್ಪಂಜು ತುರುಕಿ, ಪಕ್ಕದ ಹಳೇ ಸ್ಪಂಜಿನಿಂದ ಅದಕ್ಕೆ ಬೇಗ ಹರಡುತ್ತದೆ. ನೀವು ತಂದಿಟ್ಟ ಸ್ಪಂಜ್ ಫಿಲ್ಟರನ್ನೂ ಹಳೇ ಟ್ಯಾಂಕಿನ ಮೂಲೆಯಲ್ಲಿ ಈಗಲೇ ಓಡಿಸಿ. ನಾಲ್ಕರಿಂದ ಆರು ವಾರದಲ್ಲಿ ಅದೂ ಹಳೇ ಫಿಲ್ಟರ್ ಆಗಿರುತ್ತದೆ. ಮುಂದೆ ಯಾವಾಗಲಾದರೂ ಮೀನಿಗೆ ಕಾಯಿಲೆ ಬಂದರೆ ಬೇರೆ ಇಡುವ ತೊಟ್ಟಿಗೆ ಎತ್ತಿ ಹಾಕಬಹುದು. ನನ್ನ ಕೈಲಿ ಇಂಥದ್ದೊಂದು ಯಾವಾಗಲೂ ಇರುತ್ತದೆ.

ಹೊಸ ಟ್ಯಾಂಕಿನಲ್ಲಿ ಮೀನಿಲ್ಲದೆ ಬ್ಯಾಕ್ಟೀರಿಯಾ ಹಸಿದು ಸಾಯುತ್ತದೆ ಅಂತ ಚಿಂತೆ ಬೇಡ. ಮಣ್ಣೇ ಅದಕ್ಕೆ ಮೇವು ಹಾಕುತ್ತದೆ.

ಹೊಸಕೊಳ

ಅರ್ಥವಾಯಿತು. ಹಾಗಾದರೆ ಹಳೇ ಸ್ಪಂಜನ್ನು ಚೆನ್ನಾಗಿ ತೊಳೆದು ಹಾಕಬೇಕಾ? ತುಂಬಾ ಗಲೀಜಾಗಿದೆ.

ಬಸವನಹುಳು42

ನಲ್ಲಿ ಕೆಳಗೆ ಮಾತ್ರ ಹಿಡಿಯಬೇಡಿ! ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು.

ತಳಮರಳು

ಬಕೆಟಿಗೆ ಟ್ಯಾಂಕ್ ನೀರು ತೆಗೆದುಕೊಂಡು ಅದರಲ್ಲಿ ಎರಡು ಸಲ ಮೆತ್ತಗೆ ಹಿಂಡಿ, ಸಾಕು. ಹಾಗೇ ಗಲೀಜು ಸಮೇತ ಹಾಕುವುದೂ ಬೇಡ. ಆ ಕಂದು ಕಸ ಕೊಳೆಯುತ್ತಾ ತಾನೂ ಅಮೋನಿಯಾ ಕೊಡುತ್ತದೆ. ನಮಗೆ ಬೇಕಾದ್ದು ಸ್ಪಂಜಿನ ಮೈಗೆ ಗಟ್ಟಿಯಾಗಿ ಅಂಟಿರುತ್ತದೆ, ಹಿಂಡಿದರೆ ಪೂರ್ತಿ ಹೋಗುವುದಿಲ್ಲ.

ಹೊಸ ಟ್ಯಾಂಕಿನ ನೀರಿಗೆ ಆಂಟಿ-ಕ್ಲೋರಿನ್ ಹಾಕಿದ ಮೇಲೆಯೇ ಸ್ಪಂಜು ಇಳಿಯಬೇಕು. ಕೆಲವು ಕಡೆ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಅದು ಒಂದು ರಾತ್ರಿ ಬಕೆಟಿನಲ್ಲಿಟ್ಟರೆ ಹಾರಿ ಹೋಗುವುದಿಲ್ಲ.

ಮುಚ್ಚಳ

ಈ ಚರ್ಚೆ ಓದುತ್ತಾ ನನ್ನ ಹಳೇ ಗಾಯ ನೆನಪಾಯಿತು. ನಡುವೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೂರು ವರ್ಷದ ಕೆಳಗೆ ಮನೆ ಬದಲಾಯಿಸುವಾಗ ಕ್ಯಾನಿಸ್ಟರನ್ನು ಬಹಳ ಜೋಪಾನವಾಗಿ ಸಾಗಿಸಿದೆ. ನೀರು ಚೆಲ್ಲಬಾರದು ಅಂತ ಎರಡು ವಾಲ್ವನ್ನೂ ಮುಚ್ಚಿ, ಟವಲ್ ಸುತ್ತಿ ಇಟ್ಟಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ನಿಲ್ಲಿಸಿದ್ದು, ಎಲ್ಲ ಜೋಡಿಸಿ ಮತ್ತೆ ಓಡಿಸುವಾಗ ಸಂಜೆ ಆರು. ಮೀಡಿಯಾ, ಅಂದರೆ ಒಳಗಿನ ಸ್ಪಂಜು, ರಿಂಗು, ಒದ್ದೆಯಾಗೇ ಇತ್ತು. ಅಷ್ಟು ಸಾಕು ಅಂದುಕೊಂಡಿದ್ದೆ.

ಪ್ಲಗ್ ಹಾಕಿದ ತಕ್ಷಣ ಪೈಪಿನಿಂದ ಮೊದಲು ಬಂದದ್ದು ಬೂದು ಬಣ್ಣದ ನೀರು. ಆಮೇಲೆ ಕೊಳೆತ ಮೊಟ್ಟೆಯ ವಾಸನೆ. ಪ್ಲಗ್ ಕೀಳುವಷ್ಟರಲ್ಲಿ ಒಂದು ನಿಮಿಷ ಓಡಿಯಾಗಿತ್ತು. ಬೆಳಗಾಗುವಾಗ ಏಂಜೆಲ್ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಎರಡು ಹೋದವು.

ಆದದ್ದು ಇಷ್ಟು: ಮುಚ್ಚಿದ ಡಬ್ಬಿಯೊಳಗೆ ಸ್ವಲ್ಪ ನೀರು, ರಾಶಿ ಬ್ಯಾಕ್ಟೀರಿಯಾ, ರಾಶಿ ಕಸ. ಇದ್ದ ಆಮ್ಲಜನಕವನ್ನು ಅವು ಸ್ವಲ್ಪ ಹೊತ್ತಿನಲ್ಲೇ ಮುಗಿಸಿದವು. ಆಮೇಲೆ ಗಾಳಿ ಬೇಡದ ಜಾತಿಯವು ಎದ್ದು ಹೈಡ್ರೋಜನ್ ಸಲ್ಫೈಡ್ ಮಾಡಿಟ್ಟವು. ಸಾಗಿಸುವಾಗ ಮೀಡಿಯಾವನ್ನು ತೆಗೆದು ಅಗಲವಾದ ಬಕೆಟಿನಲ್ಲಿ ಟ್ಯಾಂಕ್ ನೀರಿನ ಜೊತೆ ಮುಚ್ಚಳವಿಲ್ಲದೆ ಇಟ್ಟಿದ್ದರೆ, ಒಂದು ಬ್ಯಾಟರಿ ಏರ್ ಪಂಪಿನ ಕಲ್ಲು ಹಾಕಿದ್ದರೆ, ಇದು ಆಗುತ್ತಲೇ ಇರಲಿಲ್ಲ. ಕರೆಂಟ್ ಹೋಗಿ ಕ್ಯಾನಿಸ್ಟರ್ ಬಹಳ ಹೊತ್ತು ನಿಂತಾಗಲೂ ಅಷ್ಟೇ. ಮತ್ತೆ ಓಡಿಸುವ ಮೊದಲು ಒಳಗಿನ ನೀರನ್ನು ಚೆಲ್ಲಿ, ಮೂಗಿಗೆ ಹಿಡಿದು ನೋಡಿ. ಚೆನ್ನಾಗಿರುವ ಫಿಲ್ಟರ್ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ನನ್ನ ಹೆಸರು ಯಾಕೆ ಮುಚ್ಚಳ ಅಂತ ಈಗ ಗೊತ್ತಾಯಿತಲ್ಲ.

ಬಸವನಹುಳು42

ಬೇರೆಯವರ ಟ್ಯಾಂಕಿನಿಂದ ಸ್ಪಂಜು ತಂದರೆ ಆಗುತ್ತಾ? ನನ್ನ ಹತ್ತಿರ ಹಳೇದು ಇಲ್ಲ.

ತಳಮರಳು

ಆಗುತ್ತೆ. ಆದರೆ ಆ ಟ್ಯಾಂಕನ್ನು ನೀವು ಕಣ್ಣಾರೆ ನೋಡಿರಬೇಕು. ಸ್ಪಂಜಿನ ಜೊತೆ ಒಳ್ಳೆಯದು ಮಾತ್ರ ಬರುವುದಿಲ್ಲ. ಇಕ್ ಅಂತೀವಲ್ಲ, ಬಿಳಿ ಚುಕ್ಕೆ ರೋಗ, ಅದರ ಪರಾವಲಂಬಿ ಮೀನಿನಿಂದ ಉದುರಿ ಸಿಕ್ಕಲ್ಲಿ ಅಂಟಿಕೊಂಡು ಮರಿ ಮಾಡುತ್ತದೆ. ಸ್ಪಂಜೂ ಅದಕ್ಕೆ ಒಂದು ಜಾಗ. ಇತ್ತೀಚೆಗೆ ಮೀನು ಸತ್ತ ಟ್ಯಾಂಕ್, ಔಷಧಿ ಹಾಕಿದ ಟ್ಯಾಂಕ್, ಎರಡೂ ಬೇಡ. ಕೆಲವು ಆಂಟಿಬಯೋಟಿಕ್ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತವೆ. ಬಸವನಹುಳು ಮೊಟ್ಟೆ, ಪಾಚಿ, ಪ್ಲನೇರಿಯಾ ಹುಳ ಬಿಟ್ಟಿಯಾಗಿ ಬರುತ್ತವೆ. ನಿಮ್ಮ ಹೆಸರು ನೋಡಿದರೆ ಬಸವನಹುಳು ನಿಮಗೆ ತೊಂದರೆಯಲ್ಲ ಅನಿಸುತ್ತದೆ.

ಪಾಚಿಪ್ರಿಯ

ಇದ್ದಿಲು ತುಂಬಿದ ಬಟ್ಟೆಯ ಕಾರ್ಟ್ರಿಜ್ ಇರುವ ಫಿಲ್ಟರಿನವರು ಏನು ಮಾಡಬೇಕು? ಡಬ್ಬಿ ಮೇಲೆ ತಿಂಗಳಿಗೊಮ್ಮೆ ಬದಲಾಯಿಸಿ ಅಂತ ಬರೆದಿದೆ.

ನಿಧಾನಸ್ಥ

ಹಾಗೆ ಬದಲಾಯಿಸಿದರೆ ನಿಮ್ಮದು ಯಾವತ್ತೂ ಹಳೇ ಫಿಲ್ಟರ್ ಆಗುವುದೇ ಇಲ್ಲ, ತಿಂಗಳಿಗೊಮ್ಮೆ ಊರನ್ನೇ ಕಸಕ್ಕೆ ಎಸೆದ ಹಾಗೆ. ಇದ್ದಿಲಿನ ಕೆಲಸ ಮುಗಿದರೂ ಅದರ ಮೇಲಿನ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತದೆ. ಹರಿದು ಹೋಗುವವರೆಗೆ ಟ್ಯಾಂಕ್ ನೀರಿನಲ್ಲಿ ಜಾಲಾಡಿ ಉಪಯೋಗಿಸಿ. ಮುಂದೆ ಜಾಗ ಇದ್ದರೆ ಒಂದು ತುಂಡು ಸ್ಪಂಜು ಕತ್ತರಿಸಿ ಇಡಿ.

ಹೊಸಕೊಳ · ಭಾನುವಾರ ರಾತ್ರಿ

ಶುರುವಾಯಿತು. ಸೊಂಟ ಬಿದ್ದು ಹೋಗಿದೆ, ಆದರೂ ಬರೆಯದೆ ಮಲಗಲು ಮನಸ್ಸಿಲ್ಲ.

ಮೊದಲು ಹಳೇ ಟ್ಯಾಂಕಿನಿಂದ ಒಂದು ಬಕೆಟ್ ನೀರು ತೆಗೆದಿಟ್ಟೆ. ಫಿಲ್ಟರಿನ ಮುಚ್ಚಳ ತೆಗೆದಾಗ ಎರಡನೇ ಸ್ಪಂಜಿನ ಮೇಲೆ ಹೆಸರುಕಾಳಿನ ಗಾತ್ರದ ನಾಲ್ಕು ಬಸವನಹುಳು ಸಾಲಾಗಿ ಕೂತಿದ್ದವು. ಒಂದೊಂದನ್ನೇ ತೆಗೆದು ವಾಪಸ್ ಬಿಟ್ಟೆ. ಸ್ಪಂಜನ್ನು ಬಕೆಟಿನಲ್ಲಿ ಒಂದು ಸಲ ಹಿಂಡಿದ್ದೇ ತಡ, ನೀರು ಕಾಣದಷ್ಟು ಕಂದು. ಎರಡನೇ ಸಲಕ್ಕೆ ಸ್ವಲ್ಪ ತಿಳಿಯಾಯಿತು, ಅಲ್ಲಿಗೆ ನಿಲ್ಲಿಸಿದೆ. ರಿಂಗುಗಳು ಬೆರಳಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ಜಾರುತ್ತಿದ್ದವು. ಹೊಸ ರಿಂಗನ್ನು ಪಕ್ಕದಲ್ಲಿಟ್ಟು ನೋಡಿದೆ. ಅದು ಸೀಮೆಸುಣ್ಣದ ಹಾಗೆ ಒರಟು, ಬೆಳ್ಳಗೆ. ಹಳೇದು ಚಹಾ ಬಣ್ಣ. ಮುಚ್ಚಳ ಅವರು ಹೇಳಿದ ಹಾಗೆ ಮೂಗಿಗೂ ಹಿಡಿದೆ. ಮಣ್ಣಿನ ವಾಸನೆಯೇ.

ಬಕೆಟಿನಿಂದ ಕ್ಯಾನಿಸ್ಟರಿಗೆ ಹೋಗಲು ಐದು ನಿಮಿಷವೂ ಆಗಲಿಲ್ಲ. ಮೊದಲು ಕ್ಯಾನಿಸ್ಟರ್ ಗಾಳಿ ಹಿಡಿದು ಗುರ್ ಅನ್ನುತ್ತಿತ್ತು, ಎರಡು ಸಲ ಓರೆ ಮಾಡಿದ ಮೇಲೆ ಸುಮ್ಮನಾಯಿತು.

ಹೊಸಕೊಳ · 2ನೇ ದಿನ

ಹೊಸದು: ಅಮೋನಿಯಾ 1, ನೈಟ್ರೈಟ್ 0, ಪಿಎಚ್ 6.8. ಮೀನು ಇಲ್ಲದೆ! ಹಳೇದು ಎಲ್ಲ ಸೊನ್ನೆ.

ಹೊಸಕೊಳ · 4ನೇ ದಿನ

ಹೊಸದು: ಅಮೋನಿಯಾ 2, ನೈಟ್ರೈಟ್ 0.5. ನೀರೆಲ್ಲ ಬೆಳ್ಳಗೆ, ಹಿಂದಿನ ಗಾಜಿಗೆ ಅಂಟಿಸಿದ ಕಪ್ಪು ಹಾಳೆ ಬೂದು ಕಾಣುತ್ತಿದೆ. ಹಳೇದರಲ್ಲಿ ಅಮೋನಿಯಾ 0.25 ಇರಬಹುದು, ಹಳದಿಯೋ ಹಸಿರೋ ಗೊತ್ತಾಗುತ್ತಿಲ್ಲ. ಕೊಳವೆಯನ್ನು ಕಿಟಕಿಗೆ ಹಿಡಿದರೆ ಹಳದಿ, ಟ್ಯೂಬ್‌ಲೈಟಿಗೆ ಹಿಡಿದರೆ ಹಸಿರು. ಹಳೇ ಫಿಲ್ಟರ್ ಸತ್ತು ಹೋಯಿತಾ? ಕ್ಯಾನಿಸ್ಟರ್ ಬಿಚ್ಚಿ ತೊಳೆಯಲಾ?

ತಳಮರಳು

ಕೈ ಕಟ್ಟಿ ಕೂರಿ! ಬಿಚ್ಚಬೇಡಿ.

ನಿಧಾನಸ್ಥ

ನೈಟ್ರೈಟ್ 0.5 ಬಂದಿದೆ ಅಂದರೆ ಫಿಲ್ಟರ್ ಸತ್ತಿಲ್ಲ, ಕೆಲಸ ಮಾಡುತ್ತಿದೆ. ಏನೂ ಇಲ್ಲದ ಟ್ಯಾಂಕಿನಲ್ಲಿ ನೈಟ್ರೈಟ್ ಮುಖ ತೋರಿಸಲು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ದಿನ ಬೇಕು. ಬರುವ ಅಮೋನಿಯಾ ಅದರ ಶಕ್ತಿಗಿಂತ ಜಾಸ್ತಿ, ಅಷ್ಟೇ.

ಬಿಳಿ ಮಬ್ಬು ಬೇರೆ ಜಾತಿಯ ಬ್ಯಾಕ್ಟೀರಿಯಾ. ಮಣ್ಣಿನಿಂದ ಕರಗಿದ ಸಾವಯವ ಪದಾರ್ಥ ತಿಂದು ಕೆಲವೇ ಗಂಟೆಗಳಲ್ಲಿ ದ್ವಿಗುಣವಾಗುವಂಥವು. ನಮ್ಮವು ಹಾಗಲ್ಲ, ಸೋಮಾರಿಗಳು. ಮಬ್ಬು ತಾನಾಗೇ ಹೋಗುತ್ತದೆ. ಅದು ಇರುವಷ್ಟು ದಿನ ಆಮ್ಲಜನಕ ಜಾಸ್ತಿ ಖರ್ಚಾಗುತ್ತದೆ, ಹಾಗಾಗಿ ಕ್ಯಾನಿಸ್ಟರಿನ ನೀರು ಮೇಲ್ಮೈಯನ್ನು ಕದಡುವ ಹಾಗೆ ಪೈಪ್ ತಿರುಗಿಸಿ.

ಹೊಸದರಲ್ಲಿ ಅರ್ಧ ನೀರು ಬದಲಾಯಿಸಿ. ನೀರು ಬದಲಾಯಿಸಿದರೆ ಸೈಕಲ್ ಹಾಳಾಗುತ್ತದೆ ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಇನ್ನೊಂದು ಕಾರಣವೂ ಇದೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ ನೀರಿನ ಕ್ಷಾರೀಯತೆಯಲ್ಲಿ ಸುಮಾರು ಏಳು ಮಿಲಿಗ್ರಾಂ ಕರಗಿಹೋಗುತ್ತದೆ. ಅದು ನಾವು ಕೆಎಚ್ ಅಂತ ಅಳೆಯುವುದು, ಪಿಎಚ್ ಬೀಳದಂತೆ ಹಿಡಿದಿಡುವುದು ಅದೇ. ನಿಮ್ಮ ಮಣ್ಣೂ ಕೆಎಚ್ ಎಳೆದುಕೊಳ್ಳುತ್ತದೆ. ಪಿಎಚ್ 6ರ ಕೆಳಗೆ ಜಾರಿದರೆ ಬ್ಯಾಕ್ಟೀರಿಯಾ ತೂಕಡಿಸತೊಡಗುತ್ತದೆ. ಹೊಸ ನೀರು ಅದನ್ನು ಎತ್ತಿ ಹಿಡಿಯುತ್ತದೆ.

ಹಳೇ ಟ್ಯಾಂಕಿಗೆ ಎರಡು ದಿನ ಆಹಾರ ಹಾಕಬೇಡಿ. ಮೂರನೇ ದಿನದಿಂದ ಅರ್ಧ ಹಾಕಿ. ಕೋರಿಗಳು ಉಪವಾಸಕ್ಕೆ ಸಾಯುವುದಿಲ್ಲ.

ಗಪ್ಪಿಗುಂಪು

ಈ ಕೆಲಸ ಮಾಡೋ ಬ್ಯಾಕ್ಟೀರಿಯಾ ಹೆಸರು ನೈಟ್ರೋಸೋಮೊನಾಸ್, ನೈಟ್ರೋಬ್ಯಾಕ್ಟರ್ ತಾನೆ? ಅಂಗಡಿಯಲ್ಲಿ ಮಾರೋ ಬಾಟಲಿಯಲ್ಲಿ ಬರೋದು ಅದೇ ಅಲ್ವಾ?

ನಿಧಾನಸ್ಥ

ನಾವೆಲ್ಲ ಓದಿದ್ದು ಹಾಗೇ. ಆದರೆ ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟ್ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೋಸ್ಪೈರಾ ಅಂತ 1998ರ ಸುಮಾರಿಗೇ ಗೊತ್ತಾಗಿದೆ. 2015ರಲ್ಲಿ ಇನ್ನೂ ಮಜಾ ಆಯಿತು. ಅಮೋನಿಯಾದಿಂದ ನೇರ ನೈಟ್ರೇಟ್‌ವರೆಗೆ ಒಬ್ಬನೇ ಮಾಡಿ ಮುಗಿಸುವ ನೈಟ್ರೋಸ್ಪೈರಾಗಳು ಸಿಕ್ಕವು. ಅದರಲ್ಲಿ ಒಂದು ತಂಡಕ್ಕೆ ಅವು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿ. ಅಮೋನಿಯಾ ತಿನ್ನುವ ಆರ್ಕಿಯಾಗಳೂ (ಬ್ಯಾಕ್ಟೀರಿಯಾ ಅಲ್ಲದ ಬೇರೆ ಗುಂಪಿನ ಸೂಕ್ಷ್ಮಜೀವಿಗಳು) ನಮ್ಮ ಫಿಲ್ಟರುಗಳಲ್ಲಿ ಇವೆ. ನಾನು ಬಾಟಲಿಗಿಂತ ಹಳೇ ಸ್ಪಂಜನ್ನು ನಂಬುವುದು ಇದಕ್ಕೇ. ಒಳಗೆ ಯಾರಿದ್ದಾರೆ ಅಂತ ನಮಗೆ ಗೊತ್ತಿಲ್ಲದಿದ್ದರೂ ಅವರು ಆ ಕೆಲಸಕ್ಕೆ ಈಗಾಗಲೇ ಸೇರಿದವರು.

ಹೊಸಕೊಳ · 11ನೇ ದಿನ

ಮೂರು ಸಲ ಅರ್ಧರ್ಧ ನೀರು ಬದಲಾಯಿಸಿದೆ. ಮಬ್ಬು ಎಂಟನೇ ದಿನ ಬೆಳಿಗ್ಗೆ ಎದ್ದು ನೋಡುವಾಗ ಇರಲಿಲ್ಲ. ಅಮೋನಿಯಾ 0.25, ನೈಟ್ರೈಟ್ 0.25. ನೈಟ್ರೈಟ್ ಕೊಳವೆ ನೇರಳೆಯಿಂದ ಆಕಾಶದ ನೀಲಿಗೆ ದಿನಾ ಸ್ವಲ್ಪ ಸ್ವಲ್ಪ ತಿರುಗುವುದನ್ನು ನೋಡುವುದೇ ಒಂದು ಚಟವಾಗಿದೆ. ಹಳೇ ಟ್ಯಾಂಕ್ ಏಳನೇ ದಿನಕ್ಕೆ ಸೊನ್ನೆಗೆ ಬಂತು, ಮೀನೆಲ್ಲ ಚೆನ್ನಾಗಿವೆ.

ಮುಚ್ಚಳ

ಖುಷಿಯಾಯಿತು. ನೈಟ್ರೈಟ್ ಪೂರ್ತಿ ಹೋಗುವವರೆಗೆ ತಡೆಯಿರಿ. ಅದು ರಕ್ತಕ್ಕೆ ಆಮ್ಲಜನಕ ಹೊರಲು ಬಿಡುವುದಿಲ್ಲ, ನೀರಿನಲ್ಲಿ ಗಾಳಿ ಎಷ್ಟಿದ್ದರೂ ಮೀನು ಏದುಸಿರು ಬಿಡುತ್ತದೆ.

ಹೊಸಕೊಳ · 16ನೇ ದಿನ

ಎರಡೂ ಸೊನ್ನೆ. ನೈಟ್ರೇಟ್ 20. ಬಿಡಲಾ?

ತಳಮರಳು

ಒಂದು ಪರೀಕ್ಷೆ ಬಾಕಿ ಇದೆ. ಮಣ್ಣು ಅಮೋನಿಯಾ ಬಿಡುವುದನ್ನು ನಿಲ್ಲಿಸಿದ್ದಕ್ಕೆ ಸೊನ್ನೆ ಬಂದಿದೆಯೋ, ಫಿಲ್ಟರ್ ಗಟ್ಟಿಯಾಗಿದ್ದಕ್ಕೆ ಬಂದಿದೆಯೋ ಹೇಗೆ ಗೊತ್ತು? ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ಏರಿಸಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ನಿಮ್ಮ ಟೆಟ್ರಾಗಳಿಗೆ ಧಾರಾಳ ಸಾಕು. ಬಿಡುವ ಮೊದಲು ಒಂದು ದೊಡ್ಡ ನೀರು ಬದಲಾವಣೆ ಮಾಡಿ.

ಹೊಸಕೊಳ · 17ನೇ ದಿನ

ನಿನ್ನೆ ಸಂಜೆ ಏಳಕ್ಕೆ ಹಾಕಿದ್ದು. ಇವತ್ತು ಸಂಜೆ ಐದಕ್ಕೆ ಅಮೋನಿಯಾ ಹಳದಿ, ನೈಟ್ರೈಟ್ ನೀಲಿ, ಅಂದರೆ ಎರಡೂ ಸೊನ್ನೆ. ನಂಬಿಕೆ ಬರದೆ ಎರಡು ಸಲ ಮಾಡಿದೆ.

ಗಪ್ಪಿಗುಂಪು

ಹದಿನೇಳು ದಿನ. ನಾನು ಹೇಳಿದ ಅದೇ ದಿನವೂ ಅಲ್ಲ, ಅವರು ಹೇಳಿದ ಒಂದು ತಿಂಗಳೂ ಅಲ್ಲ.

ಹೊಸಕೊಳ · 19ನೇ ದಿನ

ಟೆಟ್ರಾಗಳು ಬಂದವು. ಹೊಸ ನೀರಿನ ಪಿಎಚ್ 6.7ಕ್ಕೆ ನಿಂತಿತ್ತು, ಹಳೇದು 6.4. ಶುರುವಿನಲ್ಲಿ ಹೆದರಿದ ವ್ಯತ್ಯಾಸವನ್ನು ಮಣ್ಣೇ ಸರಿ ಮಾಡಿಕೊಟ್ಟಿತು. ಆದರೂ ಮೀನಿದ್ದ ಬಕೆಟಿಗೆ ಸಣ್ಣ ಪೈಪ್ ಕಟ್ಟಿ ಹೊಸ ಟ್ಯಾಂಕಿನ ನೀರನ್ನು ಒಂದೂವರೆ ಗಂಟೆ ಹನಿ ಹನಿ ಬಿಟ್ಟೆ. ಹಿಡಿಯಲು ಹೋದಾಗ ಎಂಟು ಬೇಗ ಸಿಕ್ಕವು. ಒಂಬತ್ತನೆಯದು ಅನೂಬಿಯಾಸ್ ಎಲೆ ಕೆಳಗೆ ಹೊಕ್ಕು ಅರ್ಧ ಗಂಟೆ ಆಡಿಸಿತು.

ಮೊದಲ ಒಂದು ಗಂಟೆ ಬಣ್ಣ ಬಿಟ್ಟು ಒಂದು ಮೂಲೆಯಲ್ಲಿ ನಿಂತಿದ್ದವು. ದೀಪ ಆರಿಸಿದೆ. ಬೆಳಿಗ್ಗೆ ನೋಡಿದರೆ ಕೆಂಪು ಪಟ್ಟಿ ವಾಪಸ್ ಬಂದಿದೆ, ಒಂಬತ್ತೂ ಸೇರಿ ಉದ್ದಕ್ಕೆ ಆ ಕಡೆ ಈ ಕಡೆ ಓಡಾಡುತ್ತಿವೆ. ಹಳೇ ಟ್ಯಾಂಕಿನಲ್ಲಿ ಹೀಗೆ ಗುಂಪು ಕಟ್ಟಿದ್ದನ್ನು ನಾನು ನೋಡೇ ಇರಲಿಲ್ಲ.

ಬಸವನಹುಳು42

ಈಗ ಚೆರ್ರಿ ಸೀಗಡಿ ಬಿಡಬಹುದಾ?

ನಿಧಾನಸ್ಥ

ಬೇಡ, ತಡೆಯಿರಿ. ಫಿಲ್ಟರ್ ಹಳೇದು, ಟ್ಯಾಂಕ್ ಇನ್ನೂ ಹೊಸದು. ಸೀಗಡಿ ದಿನವಿಡೀ ಮೇಯುವುದು ಗಾಜು, ಎಲೆ, ಮರದ ಮೇಲಿನ ಲೋಳೆ ಮತ್ತು ಪಾಚಿಯನ್ನು. ಸ್ಪಂಜಿನಲ್ಲಿ ಅದನ್ನು ಹೊತ್ತು ತರಲು ಆಗುವುದಿಲ್ಲ, ಅದು ಅಲ್ಲೇ ಬೆಳೆಯಬೇಕು. ಒಂದೆರಡು ತಿಂಗಳು ಬಿಡಿ. ನಡುವೆ ಗಾಜಿನ ಮೇಲೆ ಕಂದು ಪುಡಿ ಕೂರುತ್ತದೆ, ಡಯಾಟಂ ಅನ್ನುವ ಪಾಚಿ. ಹೊಸ ಟ್ಯಾಂಕಿಗೆ ಅದು ಮಾಮೂಲು. ಒರೆಸಿದರೆ ಹೋಗುತ್ತದೆ.

ಬಾರ್ಬ್‌ಗಳನ್ನೂ ಒಂದೇ ಸಲ ಹನ್ನೆರಡು ತರಬೇಡಿ. ಆರು ತಂದು ಮೊದಲು ಬೇರೆ ತೊಟ್ಟಿಯಲ್ಲಿ ಎರಡು ಮೂರು ವಾರ ಇಟ್ಟು ನೋಡಿ. ಹಳೇ ಟ್ಯಾಂಕಿನ ಮೂಲೆಯಲ್ಲಿ ಸ್ಪಂಜ್ ಫಿಲ್ಟರ್ ಓಡುತ್ತಿದೆಯಲ್ಲ?

ಹೊಸಕೊಳ

ಓಡುತ್ತಿದೆ. ಬಿಳಿ ಇದ್ದದ್ದು ಈಗ ಕಂದು ತಿರುಗಿದೆ, ಮೇಲೆ ಎರಡು ಬಸವನಹುಳು ಕೂತಿವೆ. ಇನ್ನೊಂದು ಎರಡು ವಾರ ಅಲ್ಲೇ ಬಿಡುತ್ತೇನೆ. ಆಮೇಲೆ ಬಾರ್ಬ್‌ಗಳಿಗೆ ತೊಟ್ಟಿ ಹುಡುಕುತ್ತೇನೆ.